ರಿಪ್ಲೇಸ್ ಆಲ್ ಒತ್ತೋ ಮುಂಚೆ ಚೆಕ್ಕುಬಂದಿ ನೋಡಿ

ಕಂಪ್ಯೂಟರ್ ಮುಂದೆ ಕೂರೋ ಕೆಲಸದವರಿಗೆಲ್ಲ ಗೊತ್ತಿರೋ ಶಾರ್ಟ್‌ಕಟ್‌ಗಳಲ್ಲಿ ಕಂಟ್ರೋಲ್ ಎಚ್ ಒಂದು. ಮೇಲಿನ ಡಬ್ಬಿಯಲ್ಲಿ ಹಳೇ ಹೆಸರು, ಕೆಳಗಿನ ಡಬ್ಬಿಯಲ್ಲಿ ಹೊಸ ಹೆಸರು, ‘ರಿಪ್ಲೇಸ್ ಆಲ್’ ಒತ್ತಿದರೆ ಮುಗೀತು. ಹೋದ ವರ್ಷದ ಪ್ರಪೋಸಲ್‌ನಲ್ಲಿ ಕ್ಲೈಂಟ್ ಹೆಸರು ಬದಲಾಯಿಸಿ ಈ ವರ್ಷದ್ದು ಮಾಡ್ತೀವಿ. ಗೆಳೆಯನ ರೆಸ್ಯೂಮೆಯಲ್ಲಿ ನಮ್ಮ ಹೆಸರು ಹಾಕ್ಕೊಳ್ತೀವಿ. ಎಲ್ಲೋ ಒಂದು ಕಡೆ ಹಳೇ ಹೆಸರು ಉಳಿದುಬಿಟ್ಟರೆ ಮ್ಯಾನೇಜರ್ ಒಂದು ಮೇಲ್ ಹಾಕ್ತಾರೆ, ಸಾರಿ ಹೇಳಿ ತಿದ್ದಿ ಕಳಿಸ್ತೀವಿ. ಅಷ್ಟೇ.

ಆದರೆ ಇದೇ ಎರಡು ಡಬ್ಬಿಗಳು ನಮ್ಮ ಮಂಡ್ಯ ಜಿಲ್ಲೆಯ ತಾಲ್ಲೂಕು ಕಚೇರಿಗಳ ಸುತ್ತಮುತ್ತ ದಿನಾ ಮಾಡುವ ಕೆಲಸವೇ ಬೇರೆ. ಶ್ರೀರಂಗಪಟ್ಟಣಕ್ಕೆ ಹೋಗಿ, ಪಾಂಡವಪುರಕ್ಕೆ ಹೋಗಿ, ಕೆ.ಆರ್. ಪೇಟೆಗೋ ನಾಗಮಂಗಲಕ್ಕೋ ಹೋಗಿ. ಸಬ್ ರಿಜಿಸ್ಟ್ರಾರ್ ಆಫೀಸಿನ ಆಸುಪಾಸಿನಲ್ಲಿ ಜೆರಾಕ್ಸ್ ಅಂಗಡಿ, ಟೈಪಿಂಗ್ ಸೆಂಟರ್, ಪತ್ರ ಬರಹಗಾರರ ಪುಟ್ಟ ಕೋಣೆಗಳು ಸಾಲಾಗಿ ಸಿಗುತ್ತವೆ. ಅಲ್ಲಿ ಹೆಚ್ಚಿನ ಕ್ರಯಪತ್ರಗಳು ಹುಟ್ಟುವುದು ಹಳೇ ಕ್ರಯಪತ್ರದ ಹೊಟ್ಟೆಯಿಂದಲೇ. ಹಳೇ ಫೈಲ್ ತೆಗಿ, ಹೆಸರು ಬದಲಾಯಿಸು, ಸರ್ವೆ ನಂಬರ್ ಬದಲಾಯಿಸು, ಪ್ರಿಂಟ್ ಕೊಡು. ಒಬ್ಬ ರೈತನ ಇಪ್ಪತ್ತು ಗುಂಟೆ ಇನ್ನೊಬ್ಬನ ಹೆಸರಿಗೆ ಹೋಗುವ ದಾರಿಯಲ್ಲಿ ಈ ಕಂಟ್ರೋಲ್ ಎಚ್ ಒಂದು ಸ್ಟೇಷನ್ ಇದ್ದ ಹಾಗೆ.

ಅಲ್ಲಿ ತಪ್ಪಾದರೆ ‘ಸಾರಿ’ ಅನ್ನೋ ಮೇಲ್ ಸಾಲದು. ಅದನ್ನು ನಾನು ನಮ್ಮತ್ತೆಯ ಜಮೀನಿನಿಂದ ತಿಳ್ಕೊಂಡೆ.

ಪಶ್ಚಿಮಕ್ಕೆ ಯಾರ ಜಮೀನು?

ಅತ್ತೆ, ಅಂದ್ರೆ ಅಪ್ಪನ ಅಕ್ಕ, ಇರುವುದು ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕಾಲುವೆ ನೀರು ಬರುವ ಊರಲ್ಲ. ರಾಗಿ, ಹುರುಳಿ, ಒಂದಷ್ಟು ತೆಂಗು. 2016ರಲ್ಲಿ ಹಾಲು ಹಾಕಿ ಕೂಡಿಟ್ಟಿದ್ದ ದುಡ್ಡು, ಜೊತೆಗೆ ಎರಡು ಬಳೆ ಮಾರಿ, ಮನೆ ಹಿಂದಿನ ಇಪ್ಪತ್ತು ಗುಂಟೆ ಕೊಂಡರು. ನಲವತ್ತು ಗುಂಟೆಗೆ ಒಂದು ಎಕರೆ, ಅಂದ್ರೆ ಅರ್ಧ ಎಕರೆ. ಅವರ ಹೆಸರಲ್ಲಿ ಆದ ಮೊದಲ ಆಸ್ತಿ ಅದು. ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಫೋಟೋ ಹಿಂದೆ ಇಟ್ಟಿದ್ದರು.

2022ರಲ್ಲಿ ಕೊಟ್ಟಿಗೆ ಕಟ್ಟೋಕೆ ಸಾಲ ಕೇಳಿದಾಗ ಬ್ಯಾಂಕಿನ ವಕೀಲರು ಪತ್ರ ನೋಡಿ ವಾಪಸ್ ಕಳಿಸಿದರು. ಚೆಕ್ಕುಬಂದಿ ಹೊಂದುತ್ತಿಲ್ಲ ಅಂದರು. ಹಿಂದಿನ ಪತ್ರದಲ್ಲಿ ಪಶ್ಚಿಮಕ್ಕೆ ಪಕ್ಕದ ಹೊಲದವರ ಹೆಸರಿದೆ. ಅತ್ತೆಯ ಪತ್ರದಲ್ಲಿ ಪಶ್ಚಿಮಕ್ಕೆ ಜಮೀನು ಮಾರಿದವರದ್ದೇ ಹೆಸರಿದೆ. ಅಂದ್ರೆ ಅದನ್ನು ಓದಿದವರಿಗೆ, ಮಾರಿದವರು ಪೂರ್ತಿ ಮಾರಿಲ್ಲ, ಪಶ್ಚಿಮದಲ್ಲಿ ಇನ್ನೂ ಸ್ವಲ್ಪ ಉಳಿಸಿಕೊಂಡಿದ್ದಾರೆ ಅಂತ ಅರ್ಥ ಬರುತ್ತೆ.

ಹೇಗಾಯ್ತು ಅಂತ ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯ್ತು. ಪತ್ರ ಟೈಪ್ ಮಾಡಿದವರು ಬೇರೆ ಯಾರದ್ದೋ ಹಳೇ ಕ್ರಯಪತ್ರ ತೆಗೆದುಕೊಂಡಿದ್ದರು. ಮೊದಲು ಷೆಡ್ಯೂಲಿನಲ್ಲಿ ಅತ್ತೆಯ ಜಮೀನಿನ ನಾಲ್ಕು ದಿಕ್ಕು ಟೈಪ್ ಮಾಡಿದ್ದಾರೆ, ಸರಿಯಾಗಿಯೇ. ಆಮೇಲೆ ಹಳೇ ಫೈಲಿನಲ್ಲಿ ಮಾರಿದವರ ಹೆಸರು ತೆಗೆದು ಹೊಸ ಮಾರುವವರ ಹೆಸರು ಹಾಕಲು ರಿಪ್ಲೇಸ್ ಆಲ್ ಒತ್ತಿದ್ದಾರೆ. ಅತ್ತೆಯ ಪಶ್ಚಿಮದ ಹೊಲದವರಿಗೂ, ಹಳೇ ಫೈಲಿನಲ್ಲಿ ಮಾರಿದವರಿಗೂ ಒಂದೇ ಹೆಸರು. ನಮ್ಮ ಕಡೆ ಇದೇನು ಆಶ್ಚರ್ಯವಲ್ಲ. ಮನೆದೇವರ ಹೆಸರು, ತಾತನ ಹೆಸರು ಇಟ್ಟು ಇಟ್ಟು ಒಂದೇ ಬೀದಿಯಲ್ಲಿ ಒಂದೇ ಹೆಸರಿನ ಮೂವರು ಇರ್ತಾರೆ. ಅವರನ್ನು ನಾವು ‘ಕೆರೆಮನೆ’, ‘ಮೂಲೆಮನೆ’, ‘ಮೇಷ್ಟ್ರು’ ಅಂತ ಬೇರೆ ಮಾಡ್ತೀವಿ. ವರ್ಡ್‌ಗೆ ಅದು ಗೊತ್ತಿಲ್ಲ. ಅದು ಅಕ್ಷರ ಹೊಂದಿದ ಕಡೆಯೆಲ್ಲ ಬದಲಾಯಿಸಿ, ‘ಇಷ್ಟು ಕಡೆ ಬದಲಾಗಿದೆ’ ಅಂತ ಒಂದು ಸಂಖ್ಯೆ ತೋರಿಸಿ ಸುಮ್ಮನಾಯ್ತು.

ಅಷ್ಟರಲ್ಲಿ ಜಮೀನು ಮಾರಿದವರು ತೀರಿಹೋಗಿದ್ದರು. ತಿದ್ದುಪಡಿ ಪತ್ರಕ್ಕೆ ಅವರ ಮೂವರು ಮಕ್ಕಳೂ ಬಂದು ಸಹಿ ಹಾಕಬೇಕು. ಒಬ್ಬರು ಬೆಂಗಳೂರು, ಒಬ್ಬರು ಮೈಸೂರು, ಮಗಳು ಕೊಟ್ಟ ಊರಲ್ಲಿ. ಮಗಳು ಒಂದು ಮಾತಿಗೆ ಒಪ್ಪಿದರು. ಗಂಡುಮಕ್ಕಳಲ್ಲಿ ಒಬ್ಬರು ಪತ್ರ ತಿರುವಿ ನೋಡಿ, “ಪಶ್ಚಿಮಕ್ಕೆ ನಮ್ಮಪ್ಪನ ಜಮೀನು ಅಂತ ಬರ್ದವ್ರಲ್ಲ, ಹಂಗಾದ್ರೆ ಅದು ಎಲ್ಲಿ?” ಅಂತ ಕೇಳಿದರು.

ಕೇಳಿದ್ದು ತಪ್ಪು ಅಂತಲೂ ಹೇಳೋಕಾಗಲ್ಲ. ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ತಾಳೆಯಾಗದಿದ್ದಾಗ ಸಾಮಾನ್ಯವಾಗಿ ಕೋರ್ಟುಗಳು ಚೆಕ್ಕುಬಂದಿಗೆ ಹೆಚ್ಚು ಬೆಲೆ ಕೊಡುತ್ತವೆ. ಗುಂಟೆ ಲೆಕ್ಕ ಕಾಗದದ ಮೇಲಿನದ್ದು, ಬದು ಮಾತ್ರ ಕಣ್ಣಿಗೆ ಕಾಣುವಂಥದ್ದು. ಹಾಗಾಗಿ ಚೆಕ್ಕುಬಂದಿಯಲ್ಲಿ ಒಂದು ಹೆಸರು ತಪ್ಪಾದರೆ ಅದನ್ನು ‘ಟೈಪಿಂಗ್ ಮಿಸ್ಟೇಕ್’ ಅಂತ ತಳ್ಳಿಹಾಕೋಕೆ ಬರಲ್ಲ.

ಅತ್ತೆ ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ: “ಮಗ, ದುಡ್ಡು ನಾನು ಕೊಟ್ಟಿದ್ದು ನಿಜ ತಾನೇ? ಮತ್ಯಾಕೆ ಹಿಂಗಂತಾರೆ?”

ಎಂಟು ತಿಂಗಳು ಹಿಡೀತು. ಸರ್ವೆ ದಾಖಲೆ, ಹಿಂದಿನ ಪತ್ರ, ಪಹಣಿ ಎಲ್ಲ ಜೋಡಿಸಿ ತೋರಿಸಿ, ಊರಿನ ಹಿರಿಯರು ಮಾತಾಡಿ, ಕೊನೆಗೆ ಮೂವರೂ ಬಂದು ತಿದ್ದುಪಡಿ ಪತ್ರಕ್ಕೆ ಸಹಿ ಹಾಕಿದರು. ಓಡಾಟದ ಖರ್ಚು, ಮಕ್ಕಳ ಪ್ರಯಾಣದ ಖರ್ಚು, ಎಲ್ಲ ಅತ್ತೆಯದ್ದೇ. ಕೊಟ್ಟಿಗೆ ಒಂದು ಮಳೆಗಾಲ ತಡವಾಯ್ತು.

ಮಾವನ ಹಳೇ ಫೈಲುಗಳು

ಕೆ.ಆರ್. ಪೇಟೆಯಲ್ಲಿ ನನ್ನ ಸೋದರಮಾವ ಪತ್ರ ಬರಹಗಾರರು. ಛಾಪಾ ಕಾಗದದ ಮೇಲೆ ಕೈಯಲ್ಲೇ ಬರೆಯುತ್ತಿದ್ದ ಕಾಲದವರು, ಆಮೇಲೆ ಕಂಪ್ಯೂಟರ್‌ಗೆ ಬಂದವರು. ಅತ್ತೆಯ ಪತ್ರ ಅವರು ಬರೆದದ್ದಲ್ಲ, ಆದರೂ ವಿಷಯ ಕೇಳಿ ಅವರಿಗೆ ಒಂಥರಾ ಆಯ್ತು. “ಕೈಲಿ ಬರೀವಾಗ ಇಂಥದ್ದು ಆಗ್ತಿರ್ಲಿಲ್ಲ ಕಣ್ಲಾ. ಪ್ರತಿ ಹೆಸರೂ ಮನಸ್ಸಲ್ಲಿ ಒಂದ್ಸಲ ಹೇಳ್ಕಂಡೇ ಬರೀತಿದ್ವಿ. ಈಗ ನಾನು ಓದೋದು ಬದಲಾದ ಜಾಗ ಮಾತ್ರ” ಅಂದರು.

ಅವರ ಕಂಪ್ಯೂಟರ್‌ನಲ್ಲಿ ಸಾವಿರಾರು ಫೈಲ್. ಸುಮಾರು ಅರ್ಧ ಹಳೇ ನುಡಿ ಫಾಂಟಿನವು. ಅದರ ಕಥೆ ಗೊತ್ತಿಲ್ಲದವರಿಗೆ ಒಂದು ಮಾತು. ಯೂನಿಕೋಡ್ ರೂಢಿಗೆ ಬರುವ ಮುಂಚಿನ ಕನ್ನಡ ಫಾಂಟುಗಳಲ್ಲಿ ನಾವು ಕಾಣುವುದು ಕನ್ನಡ, ಕಂಪ್ಯೂಟರ್ ಇಟ್ಟುಕೊಳ್ಳುವುದು ಇಂಗ್ಲಿಷ್ ಮತ್ತಿತರ ಐರೋಪ್ಯ ಅಕ್ಷರಗಳನ್ನು. ಫಾಂಟ್ ಎಂಬುದು ಮುಖವಾಡ. ಫಾಂಟ್ ಬದಲಾದರೆ ‘ನಾಗಮಂಗಲ’ ಚಿತ್ರವಿಚಿತ್ರ ಚಿಹ್ನೆಗಳ ಸಾಲಾಗುತ್ತದೆ. ಯೂನಿಕೋಡಿನಲ್ಲಿ ‘ನಾಗಮಂಗಲ’ ಅಂತ ಟೈಪ್ ಮಾಡಿ ಆ ಫೈಲಿನಲ್ಲಿ ಹುಡುಕಿದರೆ ಏನೂ ಸಿಗಲ್ಲ, ಕಣ್ಣೆದುರೇ ಹತ್ತು ಸಲ ಇದ್ದರೂ.

ಹಾಗಾದರೆ ಯೂನಿಕೋಡ್ ಆದರೆ ಎಲ್ಲ ಸಲೀಸಾ? ಪೂರ್ತಿ ಅಲ್ಲ. ‘ಕೊ’ ಅನ್ನುವಲ್ಲಿನ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಎರಡನ್ನು ಜೋಡಿಸಿಯೂ ಬರೆಯಬಹುದು. ನೋಡೋಕೆ ಎರಡೂ ಒಂದೇ. ಒಳಗೆ ಬೇರೆ ಬೇರೆ. ‘ರಾಜ್‌ಕುಮಾರ್’ ಅಂತ ಬರೆಯುವಾಗ ಜಕಾರದ ಕೆಳಗೆ ಒತ್ತು ಬರದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿರುತ್ತಾರೆ. ಅದಿಲ್ಲದೆ ಹುಡುಕಿದರೆ ಸಿಗದೇ ಇರಬಹುದು. ಇದರ ಮೇಲೆ ನಮ್ಮದೇ ಕಾಗುಣಿತ: ಸಿದ್ದ, ಸಿದ್ಧ. ತಾಲೂಕು, ತಾಲ್ಲೂಕು. ಒಂದೇ ಪತ್ರದಲ್ಲಿ ಒಬ್ಬರ ಹೆಸರು ಎರಡು ಥರ ಇದ್ದರೆ ಫೈಂಡ್ ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟುಬಿಡುತ್ತೆ.

ಅಂದ್ರೆ ಎರಡು ಅಪಾಯ. ಬದಲಾಗಬೇಕಾದ್ದು ಉಳಿದುಕೊಳ್ಳುವುದು ಒಂದು. ಅತ್ತೆಗಾದ ಹಾಗೆ, ಬದಲಾಗಬಾರದ್ದು ಬದಲಾಗುವುದು ಇನ್ನೊಂದು. ಎರಡನೆಯದ್ದೇ ಕೆಟ್ಟದ್ದು. ಹಳೇ ಹೆಸರು ಉಳಿದರೆ ಓದಿದವರಿಗೆ ‘ಇವರ್ಯಾರು’ ಅಂತ ಅನುಮಾನ ಬರುತ್ತೆ. ಇಲ್ಲಿ ಹೊಸ ಹೆಸರು ಬಂದು ಕೂತಿದ್ದರಿಂದ ಎಲ್ಲವೂ ಸರಿಯಾಗಿದ್ದ ಹಾಗೇ ಕಂಡಿತು.

ಫೀಲ್ಡ್ ಅಂದ್ರೆ ಹೊಲ ಅಲ್ಲ ಮಾವ

ಒಂದು ಶನಿವಾರ ಭಾನುವಾರ ಮಾವನ ಕೋಣೆಯಲ್ಲಿ ಕೂತು, ಫೈಲ್ ಕಾಪಿ ಮಾಡೋ ಪದ್ಧತಿಗೆ ಬದಲಾಗಿ ಫೀಲ್ಡ್ ಪದ್ಧತಿ ಮಾಡೋಣ ಅಂದೆ. “ಫೀಲ್ಡಾ? ಯಾವ ಸರ್ವೆ ನಂಬರು?” ಅಂತ ನಕ್ಕರು.

ವಿಷಯ ಸರಳ. ಪತ್ರದಲ್ಲಿ ಮಾರುವವರ ಹೆಸರು ಹನ್ನೆರಡು ಕಡೆ ಬರುತ್ತೆ ಅಂದ್ಕೊಳ್ಳಿ. ಹನ್ನೆರಡು ಕಡೆಯೂ ಹೆಸರು ಟೈಪ್ ಮಾಡುವ ಬದಲು ‘ಇಲ್ಲಿ ಮಾರುವವರ ಹೆಸರು ಬರಬೇಕು’ ಅನ್ನುವ ಒಂದು ಗೂಟ ನೆಡುವುದು. ಹೆಸರು ಇರುವುದು ಬೇರೆ ಒಂದೇ ಜಾಗದಲ್ಲಿ, ನಮ್ಮ ವಿಷಯದಲ್ಲಿ ಒಂದು ಎಕ್ಸೆಲ್ ಹಾಳೆಯಲ್ಲಿ. ಒಂದು ಪತ್ರಕ್ಕೆ ಒಂದು ಸಾಲು. ಮಾರುವವರ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಊರು, ಹೋಬಳಿ, ತಾಲ್ಲೂಕು, ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ನಾಲ್ಕು ದಿಕ್ಕಿಗೆ ನಾಲ್ಕು ಕಾಲಂ. ವರ್ಡ್‌ನ ಮೇಲ್ ಮರ್ಜ್ ಆ ಸಾಲನ್ನು ಓದಿ ಗೂಟ ನೆಟ್ಟ ಕಡೆಯೆಲ್ಲ ಹೆಸರು ತುಂಬುತ್ತೆ. ಪಶ್ಚಿಮದ ಹೆಸರಿಗೂ ಮಾರುವವರ ಹೆಸರಿಗೂ ಬೇರೆ ಬೇರೆ ಗೂಟ. ಇಬ್ಬರ ಹೆಸರೂ ಒಂದೇ ಆಗಿದ್ದರೂ ಒಂದು ಇನ್ನೊಂದರ ಮೇಲೆ ಬೀಳಲ್ಲ.

ಮದುವೆ ಕಾರ್ಡ್ ಕವರ್ ಮೇಲೆ ವಿಳಾಸ ಪ್ರಿಂಟ್ ಮಾಡೋಕೆ ಬಳಸ್ತಾರಲ್ಲ, ಅದೇ ಇದು. ನಮ್ಮಲ್ಲಿ ಯಾಕೋ ಅದನ್ನು ಪತ್ರಗಳಿಗೆ ಬಳಸುವವರು ಕಡಿಮೆ.

ಈಗಿರುವ ಒಳ್ಳೆ ಪತ್ರವೊಂದನ್ನು ಫೀಲ್ಡ್ ಮಾದರಿಗೆ ತರುವುದು ಹೇಗೆ ಅನ್ನೋದೇ ಮುಖ್ಯ ಕೆಲಸ. ಇಲ್ಲೂ ಫೈಂಡ್ ಅಂಡ್ ರಿಪ್ಲೇಸ್ ಬೇಕು. ‘ರಿಪ್ಲೇಸ್ ವಿತ್’ ಡಬ್ಬಿಯೊಳಗೆ ಫೀಲ್ಡನ್ನು ನೇರವಾಗಿ ತುರುಕಲು ಬರಲ್ಲ. ಅದಕ್ಕೊಂದು ಉಪಾಯ ಇದೆ. ಮೊದಲು ಒಂದು ಕಡೆ ಫೀಲ್ಡ್ ಸೇರಿಸಿ, ಅದನ್ನು ಸೆಲೆಕ್ಟ್ ಮಾಡಿ ಕಾಪಿ ಮಾಡಿ. ಆಮೇಲೆ ಕಂಟ್ರೋಲ್ ಎಚ್ ಒತ್ತಿ, ಮೇಲೆ ಹೆಸರು, ಕೆಳಗೆ ^ ಚಿಹ್ನೆ ಹಾಕಿ ಪಕ್ಕದಲ್ಲಿ ಇಂಗ್ಲಿಷಿನ ಚಿಕ್ಕ ಸಿ ಅಕ್ಷರ. ‘ಕ್ಲಿಪ್‌ಬೋರ್ಡಿನಲ್ಲಿ ಇರುವುದನ್ನು ಇಲ್ಲಿ ಹಾಕು’ ಅಂತ ಅದರ ಅರ್ಥ. ಫೀಲ್ಡ್ ಅಲ್ಲದೆ ಉದ್ದುದ್ದ ಪ್ಯಾರಾ ಹಾಕೋಕೂ ಇದೇ ದಾರಿ, ಯಾಕಂದ್ರೆ ಆ ಡಬ್ಬಿಯಲ್ಲಿ 255 ಅಕ್ಷರಕ್ಕಿಂತ ಹೆಚ್ಚು ಹಿಡಿಯಲ್ಲ.

ರಿಪ್ಲೇಸ್ ಆಲ್ ಮಾತ್ರ ಬೇಡ. ‘ಫೈಂಡ್ ನೆಕ್ಸ್ಟ್’ ಒತ್ತುತ್ತಾ ಒಂದೊಂದೇ ನೋಡಿ ಬದಲಾಯಿಸಿ. ಮಾವ ಪಕ್ಕದಲ್ಲಿ ಕೂತು, “ಇದು ಮಾರೋರು, ಹೂಂ. ಇದು ಸಾಕ್ಷಿ, ಬುಡು. ಇದು ಚೆಕ್ಕುಬಂದಿ, ಮುಟ್ಬೇಡ” ಅಂತ ಹೇಳ್ತಾ ಹೋದರು. ಅರ್ಧ ಗಂಟೆಯಲ್ಲಿ ಒಂದು ಮಾದರಿ ಪತ್ರ ಸಿದ್ಧವಾಯ್ತು. ಯಾವ ಹೆಸರು ಯಾರದ್ದು ಅನ್ನೋ ತೀರ್ಮಾನ ಅವರದ್ದು. ನಾನು ಬರೀ ಬಟನ್ ಒತ್ತಿದವನು.

ಫೀಲ್ಡ್ ಬಳಸೋರಿಗೆ ಒಂದು ಎಚ್ಚರಿಕೆ. ಫೀಲ್ಡಿಗೆ ಎರಡು ಮುಖ. ಒಂದು, ನಮಗೆ ಕಾಣುವ ಫಲಿತಾಂಶ. ಇನ್ನೊಂದು, ಒಳಗಿನ ಕೋಡ್. ಆಲ್ಟ್ ಮತ್ತು ಎಫ್ 9 ಒಟ್ಟಿಗೆ ಒತ್ತಿದರೆ ಪುಷ್ಪಾವರಣದೊಳಗೆ ಕೋಡ್ ಕಾಣುತ್ತೆ, ಮತ್ತೆ ಒತ್ತಿದರೆ ಮರೆಯಾಗುತ್ತೆ. ಯಾವ ಮುಖ ಕಾಣುತ್ತಿದೆಯೋ ಅದರಲ್ಲೇ ಫೈಂಡ್ ಹುಡುಕುತ್ತೆ. ಫಲಿತಾಂಶದ ಮೇಲೆ ರಿಪ್ಲೇಸ್ ಮಾಡಿದರೆ ಬದಲಾದಂತೆ ಕಾಣುತ್ತೆ, ಆದರೆ ಫೀಲ್ಡ್ ಅಪ್‌ಡೇಟ್ ಆದ ತಕ್ಷಣ ಹಳೇದೇ ವಾಪಸ್ ಬರುತ್ತೆ. ಪ್ರಿಂಟ್‌ಗೆ ಮುಂಚೆ ಫೀಲ್ಡ್‌ಗಳನ್ನು ಅಪ್‌ಡೇಟ್ ಮಾಡುವ ಸೆಟ್ಟಿಂಗ್ ಇದ್ದರಂತೂ ಸ್ಕ್ರೀನಿನಲ್ಲಿ ಒಂದು, ಕಾಗದದಲ್ಲಿ ಇನ್ನೊಂದು.

ಹಾಗಾಗಿ ಕೋಡ್ ಕಾಣುವ ಹಾಗೆ ಮಾಡಿಕೊಂಡು ಹುಡುಕಬೇಕು. ಆಗ ಮೇಲಿನ ಡಬ್ಬಿಯಲ್ಲಿ ^ ಮತ್ತು ಚಿಕ್ಕ ಡಿ ಅಕ್ಷರ ಹಾಕಿದರೆ ಪತ್ರದಲ್ಲಿ ಇರುವ ಫೀಲ್ಡ್‌ಗಳು ಒಂದಾದ ಮೇಲೆ ಒಂದು ಸಿಗುತ್ತವೆ. ಬೇರೆಯವರ ಫೈಲ್ ಕೈಗೆ ಬಂದಾಗ ನಾನು ಮೊದಲು ಮಾಡೋ ಕೆಲಸ ಇದೇ. ಯಾವುದು ಟೈಪ್ ಮಾಡಿದ್ದು, ಯಾವುದು ತಾನಾಗೇ ಬದಲಾಗುವಂಥದ್ದು ಅಂತ ಗೊತ್ತಾಗುತ್ತೆ.

ಇನ್ನೊಂದು. ಕಂಟ್ರೋಲ್ ಎ ಒತ್ತಿ ಎಫ್ 9 ಒತ್ತಿದರೆ ಎಲ್ಲ ಅಪ್‌ಡೇಟ್ ಆಯ್ತು ಅಂತ ತುಂಬ ಜನ ಅಂದ್ಕೊಂಡಿದ್ದಾರೆ. ಹೆಡರ್, ಫುಟರ್ ಒಳಗಿನ ಫೀಲ್ಡ್‌ಗಳು ಅದರಲ್ಲಿ ಸೇರಲ್ಲ. ಅಲ್ಲಿಗೆ ಹೋಗಿ ಪ್ರತ್ಯೇಕ ಒತ್ತಬೇಕು. ತಾನಾಗೇ ಇವತ್ತಿನ ದಿನಾಂಕ ತೋರಿಸುವ ಫೀಲ್ಡನ್ನಂತೂ ಪತ್ರದಲ್ಲಿ ಹಾಕಲೇಬೇಡಿ. ಮುಂದಿನ ವರ್ಷ ತೆಗೆದರೆ ಮುಂದಿನ ವರ್ಷದ ದಿನಾಂಕ ತೋರಿಸುತ್ತೆ. ಕರಡು ಪಕ್ಕಾ ಆದ ಮೇಲೆ ಎಲ್ಲ ಸೆಲೆಕ್ಟ್ ಮಾಡಿ ಕಂಟ್ರೋಲ್, ಶಿಫ್ಟ್, ಎಫ್ 9 ಒತ್ತಿದರೆ ಫೀಲ್ಡ್‌ಗಳೆಲ್ಲ ಮಾಮೂಲಿ ಅಕ್ಷರಗಳಾಗಿ ಗಟ್ಟಿಯಾಗುತ್ತವೆ. ಆ ಪ್ರತಿಯನ್ನೇ ಪ್ರಿಂಟ್ ಮಾಡಿ, ಅದನ್ನೇ ಇಟ್ಟುಕೊಳ್ಳಿ.

ನಾಲ್ಕು ತಾಲ್ಲೂಕಿನ ವಿಭಕ್ತಿ

ಇಂಗ್ಲಿಷ್ ಪತ್ರಕ್ಕೆ ಇಷ್ಟು ಸಾಕು. ಕನ್ನಡದಲ್ಲಿ ಇನ್ನೊಂದು ಸಮಸ್ಯೆ. ನಮ್ಮಲ್ಲಿ ಹೆಸರು ಹೆಸರಾಗಿ ನಿಲ್ಲಲ್ಲ, ಬಾಲ ಬೆಳೆಸಿಕೊಳ್ಳುತ್ತೆ. ಶ್ರೀರಂಗಪಟ್ಟಣದ, ಪಾಂಡವಪುರದ, ನಾಗಮಂಗಲದ. ಮೂರಕ್ಕೂ ‘ದ’. ನಾಲ್ಕನೆಯದ್ದು ಕೃಷ್ಣರಾಜಪೇಟೆಯ. ಅಲ್ಲಿ ‘ಯ’. ಫೀಲ್ಡ್ ಪಕ್ಕದಲ್ಲಿ ‘ದ’ ಅಂತ ಟೈಪ್ ಮಾಡಿ ಇಟ್ಟರೆ ಮೂರು ತಾಲ್ಲೂಕಿನವರ ಪತ್ರ ಸರಿ ಬರುತ್ತೆ, ಪೇಟೆಯವರದ್ದು ‘ಕೃಷ್ಣರಾಜಪೇಟೆದ’ ಆಗುತ್ತೆ. ಜನರ ಹೆಸರು ಇನ್ನೂ ಕಷ್ಟ. ಅಕಾರಾಂತ, ಇಕಾರಾಂತ, ಉಕಾರಾಂತ, ಗಂಡಸು, ಹೆಂಗಸು, ಒಂದೊಂದಕ್ಕೂ ಒಂದೊಂದು ಪ್ರತ್ಯಯ.

ವರ್ಡ್‌ನಲ್ಲಿ ಐಎಫ್ ಫೀಲ್ಡ್ ಇದೆ. ‘ತಾಲ್ಲೂಕು ಕೃಷ್ಣರಾಜಪೇಟೆ ಆಗಿದ್ದರೆ ಯ, ಇಲ್ಲದಿದ್ದರೆ ದ’ ಅಂತ ಬರೆಯಬಹುದು. ಅದನ್ನು ವಿವರಿಸೋಕೆ ಶುರು ಮಾಡಿದಾಗ ಮಾವ ತಡೆದರು.

“ಅದ್ಯಾಕ್ಲಾ ಅಷ್ಟು ಕಷ್ಟ? ‘ಕೃಷ್ಣರಾಜಪೇಟೆ ತಾಲ್ಲೂಕಿನ’ ಅಂತ ಹಾಕು. ಯಾವ ಊರು ಬಂದ್ರೂ ಸರಿಹೋಯ್ತದೆ.”

ಸರಿಹೋಯ್ತು. ‘ತಾಲ್ಲೂಕು’ ಅನ್ನೋ ಪದ ನಡುವೆ ನಿಂತು ವಿಭಕ್ತಿಯನ್ನೆಲ್ಲ ತಾನೇ ಹೊತ್ತುಕೊಳ್ಳುತ್ತೆ. ಹಿಂದಿರುವ ಹೆಸರು ಹಾಗೇ ಉಳಿಯುತ್ತೆ. ಆಗ ಕಚೇರಿ ಕನ್ನಡವನ್ನೇ ಇನ್ನೊಂದು ಸಲ ನೋಡಿದೆ. ‘ಇಂಥವರು ಎಂಬುವವರಿಗೆ’, ‘ಇಂಥವರು ರವರ ಮಗ’, ‘ಇಂಥ ಗ್ರಾಮದ ವಾಸಿ’, ‘ಸದರಿ ಸ್ವತ್ತು’. ಕನ್ನಡ ಮೇಷ್ಟ್ರುಗಳಿಗೆ ಈ ‘ರವರು’ ಕಂಡರೆ ಆಗಲ್ಲ, ‘ಅವರು’ ಅನ್ನಿ ಅಂತಾರೆ. ನಾವೂ ಈ ಭಾಷೆಯನ್ನು ಆಡಿಕೊಂಡು ನಕ್ಕವರೇ. ಆದರೆ ಖಾಲಿ ಜಾಗ ಬಿಟ್ಟು ಹೆಸರು ತುಂಬುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ ಹಾಗಿದೆ. ಅಚ್ಚಾದ ನಮೂನೆಗಳಲ್ಲಿ ಹೆಸರು ತುಂಬುತ್ತಿದ್ದ ಗುಮಾಸ್ತರು ವರ್ಡ್ ಬರುವುದಕ್ಕೆ ಎಷ್ಟೋ ಮುಂಚೆ ಇದೇ ಕೆಲಸ ಮಾಡಿಕೊಂಡು ಬಂದಿದ್ದರು. ಮಾವನಿಗೆ ಮೇಲ್ ಮರ್ಜ್ ಅನ್ನೋ ಪದ ಹೊಸದು, ವಿದ್ಯೆ ಹಳೇದು.

ಬದಲಾಯಿಸಬಾರದ ಹೆಸರುಗಳು

ಮಾವ ಅವತ್ತು ಇನ್ನೊಂದು ವಿಷಯ ಹೇಳಿದರು. ಪತ್ರದಲ್ಲಿ ಹಳೇ ಹೆಸರು ಉಳಿಯಲೇಬೇಕಾದ ಜಾಗವೂ ಇದೆ.

ನಮ್ಮ ಈ ಸೀಮೆಯಲ್ಲಿ ಊರಿನ ಹೆಸರು ಬದಲಾಗಿದ್ದು ಹೊಸದೇನಲ್ಲ. ಪಾಂಡವಪುರ ಹಿಂದೆ ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷ್ ದಾಖಲೆಗಳಲ್ಲಿ ಅದು ‘ಫ್ರೆಂಚ್ ರಾಕ್ಸ್’ ಆಯ್ತು. ಆಮೇಲೆ ಕುಂತಿಬೆಟ್ಟದ ಪಾಂಡವರ ಕಥೆ ಊರಿಗೆ ಹೆಸರು ಕೊಟ್ಟಿತು. ಕೆ.ಆರ್. ಪೇಟೆ ಮುಂಚೆ ಅತ್ತಿಗುಪ್ಪೆ. ಶ್ರೀರಂಗಪಟ್ಟಣವನ್ನು ಇಂಗ್ಲಿಷರು ‘ಸೆರಿಂಗಪಟಂ’ ಮಾಡಿದ್ದರು. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ, ಅದಕ್ಕೂ ಹಿಂದೆ ಈ ಭಾಗವೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು. ರಾಜ್ಯದ ಹೆಸರು ‘ಮೈಸೂರು’ ಹೋಗಿ ‘ಕರ್ನಾಟಕ’ ಆಗಿದ್ದು 1973ರ ನವೆಂಬರ್ 1ರಂದು.

ಆ 1973ರ ಬದಲಾವಣೆ ಸರ್ಕಾರವೇ ಮಾಡಿದ ದೊಡ್ಡ ಫೈಂಡ್ ಅಂಡ್ ರಿಪ್ಲೇಸ್. ಕಾನೂನುಗಳಲ್ಲಿದ್ದ ‘ಮೈಸೂರು’ ಅನ್ನು ‘ಕರ್ನಾಟಕ’ ಮಾಡಲು ಒಂದು ಆದೇಶವನ್ನೇ ಹೊರಡಿಸಿದರು. 1964ರ ಮೈಸೂರು ಭೂಕಂದಾಯ ಕಾಯ್ದೆ ‘ಕರ್ನಾಟಕ ಭೂಕಂದಾಯ ಕಾಯ್ದೆ, 1964’ ಆಗಿದ್ದು ಹಾಗೆ. ಅದಕ್ಕೇ ಕರ್ನಾಟಕ ಅನ್ನೋ ಹೆಸರು ಬರುವುದಕ್ಕೆ ಒಂಬತ್ತು ವರ್ಷ ಮುಂಚಿನ ಕಾಯ್ದೆಯ ಹೆಸರಲ್ಲೂ ಕರ್ನಾಟಕ ಇದೆ. ಹಾಗಂತ ಕಣ್ಣುಮುಚ್ಚಿ ಎಲ್ಲ ಕಡೆ ಬದಲಾಯಿಸೋಕೆ ಬರಲ್ಲ. ಮೈಸೂರು ನಗರ ಮೈಸೂರೇ, ಮೈಸೂರು ವಿಶ್ವವಿದ್ಯಾನಿಲಯವೂ ಅದೇ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಬದಲಾದಾಗಲೂ ಹಾಗೇ. ಇಂಗ್ಲಿಷಿನಲ್ಲಿ ಊರು ‘ಮೈಸೂರು’ ಆಯ್ತು, ವಿಶ್ವವಿದ್ಯಾನಿಲಯ ಇಂಗ್ಲಿಷಿನಲ್ಲಿ ಇನ್ನೂ ‘ಮೈಸೋರ್’.

ಪತ್ರಕ್ಕೂ ಇದೇ ನಿಯಮ. ಈ ಜಮೀನು ಮಾರುವವರಿಗೆ ಹೇಗೆ ಬಂತು ಅಂತ ಹೇಳುವ ಭಾಗದಲ್ಲಿ ಹಿಂದಿನ ಪತ್ರದ ದಿನಾಂಕ, ನಂಬರ್, ಅದರಲ್ಲಿದ್ದ ಹೆಸರುಗಳು ಹಾಗೆಹಾಗೇ ಇರಬೇಕು. 1968ರ ಪತ್ರ ‘ಮೈಸೂರು ರಾಜ್ಯ’ ಅಂದಿದ್ದರೆ ಅದನ್ನು ಉದ್ಧರಿಸುವಾಗ ಕರ್ನಾಟಕ ಅಂತ ತಿದ್ದುವಂತಿಲ್ಲ. ಅಜ್ಜನ ಹೆಸರು ಹಳೇ ಪತ್ರದಲ್ಲಿ ಬೇರೆ ಕಾಗುಣಿತದಲ್ಲಿದ್ದರೆ ಅದನ್ನು ಹಾಗೇ ಬರೆದು, ‘ಇವರೇ ಅವರು’ ಅಂತ ಪಕ್ಕದಲ್ಲಿ ಹೇಳಬೇಕು. ಇಂಥ ಜಾಗಕ್ಕೆ ನಾವು ಫೀಲ್ಡೇ ಹಾಕಲಿಲ್ಲ. ಮಾವ ಮಾದರಿ ಪತ್ರದಲ್ಲಿ ಆ ಪ್ಯಾರಾಕ್ಕೆ ಹಳದಿ ಬಣ್ಣ ಬಳಿಸಿದರು. ಅಂದ್ರೆ, ಇದನ್ನು ಪ್ರತಿ ಸಲ ಕೈಯಲ್ಲೇ ಟೈಪ್ ಮಾಡಬೇಕು, ಹಳೇ ಪತ್ರ ಎದುರಿಗಿಟ್ಟುಕೊಂಡು.

ಈಗ ಮಾವನ ಕೋಣೆಯಲ್ಲಿ ಟೈಪ್ ಮಾಡುವ ಹುಡುಗಿ ಮೊದಲು ಎಕ್ಸೆಲ್ ಸಾಲು ತುಂಬುತ್ತಾಳೆ. ಆ ಸಾಲನ್ನು ಮಾವ ಪಾರ್ಟಿಯವರಿಗೆ ಜೋರಾಗಿ ಓದಿ ಹೇಳುತ್ತಾರೆ. “ಪೂರ್ವಕ್ಕೆ ಇಂಥೋರು, ಪಶ್ಚಿಮಕ್ಕೆ ಇಂಥೋರು, ಸರೀನಾ?” ನಾಲ್ಕು ಪುಟದ ಪತ್ರ ಕೇಳುವ ತಾಳ್ಮೆ ಯಾರಿಗೂ ಇರಲ್ಲ. ಒಂದು ಸಾಲು ಕೇಳ್ತಾರೆ. ಈಚೆಗೆ ಒಬ್ಬ ಅಜ್ಜಿ, “ಉತ್ತರಕ್ಕೆ ಅವರು ಮಾರಿ ಎರಡು ವರ್ಷ ಆಯ್ತಲ್ಲ” ಅಂತ ಅಲ್ಲೇ ತಿದ್ದಿಸಿದರಂತೆ.

ರಜೆ ಹಾಕಿ ಊರಿಗೆ ಹೋಗುವವರಿಗೆ

ನಮ್ಮ ವಯಸ್ಸಿನವರು ಈಗ ಊರಿಗೆ ಹೋಗುವುದು ಹೆಚ್ಚಾಗಿ ಹಬ್ಬಕ್ಕೆ, ಮದುವೆಗೆ, ಇಲ್ಲವೇ ರಿಜಿಸ್ಟ್ರೇಷನ್‌ಗೆ. ಭಾಗ, ದಾನಪತ್ರ, ಸೈಟ್. ಒಂದು ದಿನ ರಜೆ, ಅದರಲ್ಲಿ ಅರ್ಧ ದಿನ ಸರ್ವರ್ ಕಾಯೋದು, ಕೊನೆಗೆ ಸಹಿ ಹಾಕು ಅಂದ ಕಡೆಯೆಲ್ಲ ಸಹಿ. ಓದೋಕೆ ಟೈಮ್ ಎಲ್ಲಿ?

2023ರಲ್ಲಿ ಕಾವೇರಿ 2.0 ಬಂದ ಮೇಲೆ ಒಂದು ಅನುಕೂಲ ಆಗಿದೆ. ವಿವರ ತುಂಬಿ, ಪತ್ರ ಅಪ್‌ಲೋಡ್ ಮಾಡಿ, ಪರಿಶೀಲನೆ ಆಗಿ, ಶುಲ್ಕ ಕಟ್ಟಿ, ಆಮೇಲೆ ಸಮಯ ನಿಗದಿ ಮಾಡಿಕೊಂಡು ಆಫೀಸಿಗೆ ಹೋಗೋದು. ಅಂದ್ರೆ ಕರಡು ಮುಂಚೆಯೇ ಸಿದ್ಧವಾಗಿರುತ್ತೆ. ಅದನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡು, ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಓದಿ. ಹೀಗೆ ಓದಿ:

ಮೊದಲು ಷೆಡ್ಯೂಲು. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣವನ್ನು ಪಹಣಿ ಪಕ್ಕದಲ್ಲಿಟ್ಟು ನೋಡಿ. ವಿಸ್ತೀರ್ಣ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇದೆಯಾ ನೋಡಿ.

ಆಮೇಲೆ ಚೆಕ್ಕುಬಂದಿ. ಹಿಂದಿನ ಪತ್ರದ ನಾಲ್ಕು ದಿಕ್ಕಿಗೂ ಇದಕ್ಕೂ ತಾಳೆ ನೋಡಿ. ಬದಲಾಗಿದ್ದರೆ ಯಾಕೆ ಅಂತ ಕೇಳಿ. ಅಪ್ಪ ಅಮ್ಮನಿಗೆ ಓದಿ ಹೇಳಿ, ಪಕ್ಕದ ಹೊಲ ಯಾರದ್ದು ಅಂತ ಅವರಿಗಿಂತ ಚೆನ್ನಾಗಿ ಯಾವ ಪೋರ್ಟಲ್‌ಗೂ ಗೊತ್ತಿಲ್ಲ.

ಮಾರುವವರ ಹೆಸರೇ ಚೆಕ್ಕುಬಂದಿಯಲ್ಲೂ ಇದ್ದರೆ ಅಲ್ಲೇ ನಿಲ್ಲಿ. ನಿಜವಾಗಿಯೂ ಅವರಿಗೆ ಅಲ್ಲಿ ಜಮೀನು ಉಳಿದಿದೆಯಾ ಅಂತ ಕೇಳಿ.

ಹೆಸರುಗಳ ಕಾಗುಣಿತವನ್ನು ಆಧಾರ್, ಪಹಣಿ ಎರಡರ ಜೊತೆ ಹೋಲಿಸಿ. ಯಾರೆಂದು ಗೊತ್ತಿಲ್ಲದ ಹೆಸರು ಎಲ್ಲಾದರೂ ಕಂಡರೆ ಅದು ಹಳೇ ಫೈಲಿನಿಂದ ಉಳಿದದ್ದು ಇರಬಹುದು.

ತಪ್ಪು ಕಂಡರೆ ಪೆನ್ನಲ್ಲಿ ತಿದ್ದಿ ಮುಗಿಸೋಣ ಅನ್ನಬೇಡಿ. ಬರಹದ ನಡುವೆ ಸೇರಿಸಿದ್ದು, ಖಾಲಿ ಬಿಟ್ಟದ್ದು, ಅಳಿಸಿದ್ದು ಇದ್ದರೆ ಬರೆದುಕೊಟ್ಟವರು ಅಲ್ಲಲ್ಲೇ ಸಹಿ ಹಾಕದ ಹೊರತು ಅಧಿಕಾರಿ ಅಂಥ ಪತ್ರವನ್ನು ನಿರಾಕರಿಸಬಹುದು ಅಂತ 1908ರ ನೋಂದಣಿ ಕಾಯ್ದೆಯೇ ಹೇಳುತ್ತೆ. ಹೊಸದಾಗಿ ಪ್ರಿಂಟ್ ಹಾಕಿಸಿ. ನಾಲ್ಕು ಹಾಳೆ, ಐದು ನಿಮಿಷ. ನಮ್ಮತ್ತೆಗೆ ಎಂಟು ತಿಂಗಳು ಹಿಡಿದಿತ್ತು.